ಗೋಮಾಳ ಯಾರದು?

ಕಳೆದ ಮಾಘಮಾಸದ ಒಂದು ಬೆಳಗ್ಗೆ ನನ್ನ ಸೋದರಮಾವ ಬೆನ್ಸನ್ ಟೌನಿನ ನಮ್ಮ ಮನೆಗೆ ಬಂದರು. ರಾತ್ರಿಯ ಬಸ್ಸಿಗೆ ಹೊರಟು ಮೆಜೆಸ್ಟಿಕ್ಕಿನಲ್ಲಿ ಇಳಿದು, ಅಲ್ಲಿಂದ ದಂಡು ರೈಲ್ವೆ ನಿಲ್ದಾಣದವರೆಗೆ ಇನ್ನೊಂದು ಬಸ್ಸು ಹಿಡಿದು, ಉಳಿದ ದಾರಿಯನ್ನು ಅವರಿವರನ್ನು ಕೇಳಿಕೊಂಡು ನಡೆದೇ ಬಂದಿದ್ದರು. ಹೆಗಲ ಮೇಲೆ ಕರಿಯ ಕಂಬಳಿ. ಕೈಚೀಲದಲ್ಲಿ ನಮಗೆಂದು ತಂದ ಹುರಿದ ಕಡಲೆಕಾಯಿ. ಅಂಗಿಯ ಒಳಜೇಬಿನಲ್ಲಿ ನಾಲ್ಕು ಮಡಿಕೆಯಾಗಿದ್ದ ಒಂದು ಕಾಗದ. ಕಾಫಿ ಮುಗಿದ ಮೇಲೆ ಆ ಕಾಗದವನ್ನು ಬಿಡಿಸಿ ನನ್ನ ಮುಂದಿಟ್ಟು, "ಅಳಿಯ, ನೀನು ಕನ್ನಡ ಪಾಠ ಹೇಳೋ ಮೇಷ್ಟ್ರು. ಇದರಾಗೆ ಏನು ಬರೆದೈತೆ, ನನಗೆ ತಿಳಿಯೋ ಹಂಗೆ ಹೇಳು. ಊರಾಗೆ ಓದಿದೋರಿಗೆಲ್ಲ ತೋರಿಸಿದೆ. ಓದ್ತಾರೆ, ಅರ್ಥ ಹೇಳಲ್ಲ" ಎಂದರು.

ನಾನೂ ಅದನ್ನು ಎರಡು ಸಲ ಓದಬೇಕಾಯಿತು. ಇಪ್ಪತ್ತು ವರ್ಷದಿಂದ ಹಳಗನ್ನಡ ಪಾಠ ಹೇಳುತ್ತಿರುವ ನನಗೆ ಪಂಪನ ಕಂದಪದ್ಯಗಳು ಕೊಡದಷ್ಟು ಕಷ್ಟವನ್ನು ಆ ಅರ್ಧ ಪುಟ ಕೊಟ್ಟಿತೆಂದರೆ ಅತಿಶಯೋಕ್ತಿಯಾಗದು. ಸದರಿ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಎಕರೆ ಇಷ್ಟು ಗುಂಟೆ ಜಮೀನನ್ನು 'ಗೋಮಾಳ ಶೀರ್ಷಿಕೆಯಿಂದ ತಗ್ಗಿಸಿ' ಪವನ ವಿದ್ಯುತ್ ಯೋಜನೆಯ ಬಾಬ್ತು ಗುತ್ತಿಗೆಗೆ ಕೊಡಲು ಉದ್ದೇಶಿಸಲಾಗಿದೆ. ತಕರಾರು ಇದ್ದವರು 30 ದಿನಗಳೊಳಗಾಗಿ ಲಿಖಿತ ಮೂಲಕ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಕರಾರು ಇಲ್ಲವೆಂದು ಭಾವಿಸಲಾಗುವುದು. ಕವಿತೆಗೆ ಶೀರ್ಷಿಕೆ ಇರುವುದನ್ನು ನಾನು ಬಲ್ಲೆ. ನೆಲಕ್ಕೂ ಶೀರ್ಷಿಕೆ ಇರುತ್ತದೆ, ಅದನ್ನು ಒಂದು ಗೆರೆ ಎಳೆದು ತಗ್ಗಿಸಿಬಿಟ್ಟರೆ ಅಲ್ಲಿ ತಲೆತಲಾಂತರದಿಂದ ಮೇಯುತ್ತಿದ್ದ ದನಕ್ಕೆ ನಾಳೆ ಹಕ್ಕಿರುವುದಿಲ್ಲ ಎಂಬುದು ನನಗೆ ಹೊಸ ಪಾಠ.

ಅರ್ಥ ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರಿಗಿರುವುದು ಅರವತ್ತು ಎಪ್ಪತ್ತು ಕುರಿ, ನಾಲ್ಕು ದನ. "ಹಂಗಾದರೆ ನೀನೇ ಒಂದು ತಕರಾರು ಅರ್ಜಿ ಬರೆದುಕೊಡು. ನಾನು ಹೆಬ್ಬೆಟ್ಟು ಹಾಕ್ತೀನಿ, ಊರೋರ ಕೈಲೂ ಹಾಕಿಸ್ತೀನಿ" ಎಂದರು. ಇದೇನು ಮಹಾ ಕೆಲಸವೆಂದು ಹಾಳೆ ತೆಗೆದು 'ಮಾನ್ಯರೇ' ಎಂದು ಬರೆದೆ. ಮುಂದಕ್ಕೆ ಬರೆಯಲಾಗಲಿಲ್ಲ. ಮಾವ ಎರಡು ದಿನ ನಮ್ಮಲ್ಲೇ ಉಳಿದರು. ಆ ಎರಡು ದಿನ ನನ್ನ ಕೈ ಕಟ್ಟಿದ್ದ ಪ್ರಶ್ನೆಗಳನ್ನೇ ಓದುಗರ ಮುಂದಿಡಲು ಈ ಲೇಖನ.

ಮೊದಲನೆಯ ಪ್ರಶ್ನೆ ಸರಳವಾದದ್ದು: ಗೋಮಾಳ ಯಾರದು? ಸರ್ಕಾರದ್ದು ಎಂದು ಕಾನೂನು ಹೇಳುತ್ತದೆ. ಊರಿನದು ಎಂದು ಊರವರು ಹೇಳುತ್ತಾರೆ. ಎರಡು ಉತ್ತರವೂ ಒಂದೇ ಎಂದು ನಾವು ಬಹುಕಾಲ ಭಾವಿಸಿಕೊಂಡು ಬಂದಿದ್ದೇವೆ. ಕಾಗದ ಬಂದ ದಿನ ಎರಡೂ ಬೇರೆಯೆಂದು ತಿಳಿಯುತ್ತದೆ.

ನಮ್ಮ ಭಾಷೆಯಲ್ಲಿ ಉಳದ ನೆಲಕ್ಕೆ ಎಷ್ಟು ಹೆಸರುಗಳಿವೆ ನೋಡಿ. ಬಯಲುಸೀಮೆಯಲ್ಲಿ ಗೋಮಾಳ, ಕಾವಲು, ಹುಲ್ಲುಬನ್ನಿ, ಮಲೆನಾಡಿನಲ್ಲಿ ಕಾನು, ಸೊಪ್ಪಿನಬೆಟ್ಟ, ಕೊಡಗಿನಲ್ಲಿ ಬಾಣೆ, ದಕ್ಷಿಣ ಕನ್ನಡದಲ್ಲಿ ಕುಮ್ಕಿ. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕಟ್ಟುಪಾಡು: ಯಾರು ಮೇಯಿಸಬಹುದು, ಯಾರು ಸೊಪ್ಪು ತರಬಹುದು, ಯಾವ ತಿಂಗಳು ಬಿಡಬೇಕು ಎಂಬುದು ಆ ಹೆಸರಿನಲ್ಲೇ ಅಡಗಿರುತ್ತಿತ್ತು. ಕಂದಾಯದ ಲೆಕ್ಕ ಬಂದಾಗ ಈ ಹೆಸರುಗಳ ಮೇಲೆ ಇನ್ನೊಂದು ಹೆಸರು ಬಂದು ಕುಳಿತಿತು: ಖರಾಬು. ಕೆಟ್ಟದ್ದು ಎಂದು ಅದರ ಅರ್ಥ. ಕಂದಾಯ ಹುಟ್ಟದ ನೆಲವೆಲ್ಲ ಕೆಟ್ಟ ನೆಲ. ಅದರಲ್ಲಿಯೂ 'ಅ' ಖರಾಬು, 'ಬ' ಖರಾಬು ಎಂದು ತರಗತಿ. ಕೆರೆ, ದಾರಿ, ಸ್ಮಶಾನ ಮೊದಲಾಗಿ ಊರಿಗೆಲ್ಲ ಬೇಕಾದದ್ದು 'ಬ' ಖರಾಬು. ಎಲ್ಲರಿಗೂ ಬೇಕಾದದ್ದಕ್ಕೇ ಕೆಟ್ಟದ್ದೆಂಬ ಹೆಸರು ಅಂಟಿದ್ದು ಯೋಚಿಸತಕ್ಕ ಮಾತು. ಸ್ವಾತಂತ್ರ್ಯ ಬಂದ ಮೇಲೂ ಈ ರೂಢಿ ಬಿಡಲಿಲ್ಲ. 2000ದಲ್ಲಿ ಭಾರತದ ಪಾಳುಭೂಮಿಗಳ ನಕಾಶೆಯ ಪುಸ್ತಕ ಹೊರಬಂದಾಗ ಕುರುಚಲು ಕಾಡೂ ಸೊರಗಿದ ಹುಲ್ಲುಗಾವಲೂ ಅದರೊಳಗೆ ಸೇರಿದ್ದವು.

ಇದು ಇಂಗ್ಲಿಷರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಹುಟ್ಟಿದ ವಿಚಾರವಲ್ಲ. ಅವರ ತತ್ತ್ವಶಾಸ್ತ್ರದಲ್ಲೂ ಅದಕ್ಕೆ ಬೇರಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಜಾನ್ ಲಾಕ್ ಎಂಬ ದಾರ್ಶನಿಕ, ಮನುಷ್ಯ ತನ್ನ ದುಡಿಮೆಯನ್ನು ನೆಲದೊಡನೆ ಬೆರೆಸಿದಾಗ ಆ ನೆಲ ಅವನದಾಗುತ್ತದೆ ಎಂದು ವಾದಿಸಿದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ದುಡಿಮೆಯೆಂದರೆ ನೇಗಿಲು, ಬೇಲಿ, ಕಟ್ಟಡ ಎಂದು ಮಾತ್ರ ಎಣಿಸಿದರೆ ಕುರಿ ಕಾಯುವವನ ದುಡಿಮೆ ಎಲ್ಲಿ ಹೋಯಿತು? ಅವನು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುತ್ತಾನೆ. ಯಾವ ಹುಲ್ಲು ಯಾವ ಮಳೆಗೆ ಏಳುತ್ತದೆ, ಯಾವ ಇಳಿಜಾರನ್ನು ಈ ವರ್ಷ ಬಿಡಬೇಕು ಎಂಬುದನ್ನು ಬಲ್ಲ. ಅವನ ದುಡಿಮೆ ನೆಲದ ಮೇಲೆ ಗುರುತು ಬಿಡುವುದಿಲ್ಲ. ಹುಲ್ಲು ಮತ್ತೆ ಎದ್ದು ನಿಲ್ಲುವುದೇ ಅವನ ದುಡಿಮೆಯ ಗುಣ. ಗುರುತು ಬಿಡದೆ ಬಾಳಿದವನಿಗೆ ಗುರುತಿಲ್ಲವೆಂದೇ ಹಕ್ಕು ತಪ್ಪುವುದಾದರೆ ಅದು ನ್ಯಾಯವಾದೀತೆ?

ನಮ್ಮವರಿಗೆ ಹುಲ್ಲುಗಾವಲಿನ ಬೆಲೆ ತಿಳಿದಿರಲಿಲ್ಲವೆಂದಲ್ಲ. ಕನ್ನಡ ನಾಡಿನ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲು ತುರುಗೋಳಿನವು. ಊರ ದನವನ್ನು ಹೊಡೆದುಕೊಂಡು ಹೋಗಲು ಬಂದವರೊಡನೆ ಹೋರಾಡಿ ಸತ್ತವರ ನೆನಪು. ಮಹಾಭಾರತದ ಗೋಗ್ರಹಣ ನಮ್ಮ ಕವಿಗಳಿಗೆ ಅಷ್ಟು ಪ್ರಿಯವಾದದ್ದೂ ಈ ಕಾರಣದಿಂದಿರಬಹುದು. ಮೈಸೂರಿನ ದೊರೆಗಳು ಇದನ್ನೇ ಒಂದು ಇಲಾಖೆಯಾಗಿ ಕಟ್ಟಿದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಮಳೆಗಾಲಕ್ಕೆ ಒಂದು ಕಾವಲು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಇನ್ನೊಂದು ಎಂದು ನಾಡಿನ ಉದ್ದಗಲಕ್ಕೆ ಹುಲ್ಲುಗಾವಲುಗಳನ್ನು ಕಾದಿರಿಸಿ ಹಿಂಡುಗಳನ್ನು ಅಟ್ಟುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಹಿಂಡುಗಳು ಇಂಗ್ಲಿಷರ ಕೈಸೇರಿ ಅವರ ತೋಪುಗಳನ್ನು ಎಳೆದವು. 1860ರಲ್ಲಿ ಖರ್ಚು ಉಳಿಸುವ ಹುಮ್ಮಸ್ಸಿನಲ್ಲಿ ಸರ್ಕಾರ ಹಿಂಡನ್ನೆಲ್ಲ ಮಾರಿತು. ಕೆಲವೇ ವರ್ಷಗಳಲ್ಲಿ ತಪ್ಪು ತಿಳಿದು, ಅಲ್ಲಿ ಇಲ್ಲಿ ಉಳಿದಿದ್ದ ದನಗಳನ್ನು ಕೂಡಿಸಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಮಾರುವುದು ಒಂದು ದಿನದ ಕೆಲಸ, ಕಟ್ಟುವುದು ಒಂದು ತಲೆಮಾರಿನದು ಎಂಬ ಪಾಠ ಅಂದೇ ದೊರೆತಿತ್ತು.

ಆ ಪಾಠ ಎಷ್ಟು ನೆನಪಿನಲ್ಲಿ ಉಳಿಯಿತೆಂಬುದಕ್ಕೆ ಚಳ್ಳಕೆರೆ ತಾಲ್ಲೂಕು ಸಾಕ್ಷಿ. ಈ ಶತಮಾನದ ಮೊದಲ ದಶಕ ಕಳೆಯುವ ಹೊತ್ತಿಗೆ ಅಲ್ಲಿಯ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆಗೆ, ಅಣುಶಕ್ತಿಗೆ, ಬಾಹ್ಯಾಕಾಶ ಸಂಸ್ಥೆಗೆ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹಂಚಿಹೋಯಿತು. ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಸುತ್ತಲ ಹಳ್ಳಿಗಳ ದನ, ಕುರಿ ಮೇಯುತ್ತಿದ್ದ, ಕೃಷ್ಣಮೃಗಗಳು ಓಡಾಡುತ್ತಿದ್ದ ಬಯಲಿನಲ್ಲಿ ಮೈಲಿಗಟ್ಟಲೆ ಗೋಡೆ ಎದ್ದಿತು. ಗೋಡೆ ಎದ್ದ ಮೇಲೆಯೇ ಎಷ್ಟೋ ಜನಕ್ಕೆ ವಿಷಯ ತಿಳಿದದ್ದು. ಜನ ಪ್ರತಿಭಟಿಸಿದರು, ಪ್ರಕರಣ ಹೈಕೋರ್ಟಿಗೂ ಹಸಿರು ನ್ಯಾಯಮಂಡಳಿಗೂ ಹೋಯಿತು. ಗೋಡೆ ಉಳಿಯಿತು. ಈ ಸಂಸ್ಥೆಗಳು ದೇಶಕ್ಕೆ ಬೇಡವೆಂದು ನಾನು ಹೇಳಲಾರೆ. ಆದರೆ ದೇಶವೆಂಬ ದೊಡ್ಡ ಹೆಸರನ್ನು ಹೇಳಿದಾಗಲೆಲ್ಲ ಆ ಹಳ್ಳಿಗಳೂ ಆ ಹೆಸರಿನೊಳಗೇ ಇವೆಯೆಂಬುದು ನಮಗೆ ಮರೆತುಹೋಗುವುದು ಹೇಗೆ ಎಂದು ಮಾತ್ರ ಕೇಳುತ್ತೇನೆ.

ಕಾನೂನು ಗೋಮಾಳವನ್ನು ಕೈಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. 1964ರ ಭೂಕಂದಾಯ ಅಧಿನಿಯಮ ಹುಲ್ಲುಗಾವಲಿಗೆಂದು ನೆಲ ಕಾದಿರಿಸುವ ಅಧಿಕಾರ ಕೊಟ್ಟಿತು. 1966ರ ನಿಯಮಗಳು ಊರಿನ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಇರಬೇಕೆಂದು ಅಳತೆಯನ್ನೂ ಹೇಳಿದವು. ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಾದದ್ದನ್ನು ತಗ್ಗಿಸಬಹುದು. ಅಳತೆ ಉದಾರವಾಗಿಯೇ ಇದೆ. ಆದರೆ ಈ ಲೆಕ್ಕದಲ್ಲಿ ಒಂದು ಸುಳಿ ಇದೆ. ಗೋಮಾಳ ಕಿರಿದಾದಂತೆ ಜನ ದನ ಮಾರುತ್ತಾರೆ. ದನ ಕಡಿಮೆಯಾದಂತೆ ಉಳಿದ ಗೋಮಾಳ ಲೆಕ್ಕದಲ್ಲಿ 'ಹೆಚ್ಚುವರಿ' ಎನಿಸುತ್ತದೆ. ಹೆಚ್ಚುವರಿಯನ್ನು ತಗ್ಗಿಸಿದರೆ ಇನ್ನಷ್ಟು ದನ ಸಂತೆಗೆ ಹೋಗುತ್ತವೆ. ಹೀಗೆ ಒಂದು ಅಕ್ಷರ ತಪ್ಪಿಲ್ಲದೆ, ಪ್ರತಿಯೊಂದು ಹೆಜ್ಜೆಯಲ್ಲೂ ನಿಯಮಕ್ಕೆ ಬದ್ಧವಾಗಿಯೇ ಒಂದು ಊರು ತನ್ನ ಹುಲ್ಲನ್ನೆಲ್ಲ ಕಳೆದುಕೊಳ್ಳಬಹುದು.

ಇಷ್ಟನ್ನು ಬರೆದುಕೊಟ್ಟಿದ್ದರೆ ಮಾವನ ಅರ್ಜಿ ಮುಗಿಯುತ್ತಿತ್ತು. ನನ್ನ ಕೈ ತಡೆದದ್ದು ಗಾಳಿಯಂತ್ರ.

ಚಿತ್ರದುರ್ಗದ ಹೆದ್ದಾರಿಯಲ್ಲಿ ಹೋದವರು ಜೋಗಿಮಟ್ಟಿಯ ಕಡೆಯ ಗುಡ್ಡಗಳ ನೆತ್ತಿಯಲ್ಲಿ ಬಿಳಿಯ ರೆಕ್ಕೆಗಳು ನಿಧಾನವಾಗಿ ತಿರುಗುವುದನ್ನು ನೋಡಿರುತ್ತಾರೆ. ಗದಗದ ಕಪ್ಪತಗುಡ್ಡದ ಕಡೆಯೂ ಅದೇ ನೋಟ. ಕರ್ನಾಟಕದಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುವ ಶಕ್ತಿ 5,000 ಮೆಗಾವಾಟನ್ನು ದಾಟಿ ಕೆಲವು ವರ್ಷಗಳಾದವು. ಇದರಲ್ಲಿ ಕಲ್ಲಿದ್ದಲಿನ ಹೊಗೆಯಿಲ್ಲ, ಬೂದಿಯಿಲ್ಲ. ನೀರು ಬೇಡ, ಅಣೆಕಟ್ಟು ಬೇಡ. ಜಗತ್ತು ಬಿಸಿಯಾಗುತ್ತಿದೆ, ಮಳೆ ತಪ್ಪಿದರೆ ಮೊದಲು ಸೊರಗುವವನು ಕುರಿ ಕಾಯುವವನೇ ಹೊರತು ಬೆನ್ಸನ್ ಟೌನಿನ ಮೇಷ್ಟರಲ್ಲ. ಹಾಗಾದರೆ ಗಾಳಿಯಂತ್ರ ಮಾವನ ಪಾಲಿಗೂ ಒಳ್ಳೆಯದೇ ಅಲ್ಲವೆ? ಕೆಟ್ಟದ್ದು ಬಂದು ಒಳ್ಳೆಯದನ್ನು ನುಂಗುವ ಕಥೆ ಬರೆಯುವುದು ಸುಲಭ. ಇಲ್ಲಿ ಎರಡೂ ಕಡೆ ಒಳ್ಳೆಯದೇ ನಿಂತಿದೆ. ಧರ್ಮಸಂಕಟವೆಂದರೆ ಇದೇ.

ಅದೂ ಅಲ್ಲದೆ, ನಾನು ಯಾವ ದೀಪದ ಕೆಳಗೆ ಕುಳಿತು ತಕರಾರು ಬರೆಯುತ್ತಿದ್ದೆ? 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಮುಂದೆ ಶರಾವತಿ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮುಳುಗಿದ ಊರುಗಳ ಜನ ಕಾಡಿನಂಚಿಗೆ ಹೋಗಿ ನೆಲೆಸಿದರು. ಆ ನೆಲದ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ. ನಮ್ಮ ನಗರದ ದೀಪಕ್ಕೆ ಎಣ್ಣೆ ಯಾವಾಗಲೂ ದೂರದ ಊರಿನಿಂದಲೇ ಬಂದಿದೆ. ಗುಂಡಿ ಒತ್ತಿದಾಗ ಬೆಳಕು ಬರುತ್ತದೆ, ಋಣ ಕಾಣುವುದಿಲ್ಲ.

ಇನ್ನು ನಾನು ಕುಳಿತಿದ್ದ ನೆಲ. 1809ರಲ್ಲಿ ಇಂಗ್ಲಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ತಂದು ಹಲಸೂರಿನ ಬಳಿ ನಿಲ್ಲಿಸಿದರು. ಅಲ್ಲಿಂದ ಈ ದಂಡು ಬೆಳೆಯಿತು. ಅದಕ್ಕೆ ಮುಂಚೆ ಇದೂ ಹಳ್ಳಿಗಳ ಹೊಲ, ಕೆರೆ, ಹುಲ್ಲಿನ ಬಯಲೇ. ಇಂದು ನಮ್ಮ ಬಡಾವಣೆಗಳಿಗೆ ಇಂಗ್ಲಿಷ್ ಹೆಸರು. ಮಿಲ್ಲರ್ಸ್ ಕೆರೆ ಹೋಗಿ ಮಿಲ್ಲರ್ಸ್ ರಸ್ತೆ ಉಳಿದಿದೆ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ದಂಡಿನ ಪ್ರದೇಶವನ್ನು ಮಾತ್ರ ಇಂಗ್ಲಿಷರು ತಮ್ಮ ಆಡಳಿತಕ್ಕೆ ವಹಿಸಿಕೊಂಡರು. 1947ರಲ್ಲಿ ಅದು ಮೈಸೂರಿಗೆ ಮರಳಿತು. ವಹಿಸಿಕೊಟ್ಟ ನೆಲ 66 ವರ್ಷಗಳಾದರೂ ಮರಳಿ ಬಂತು. ಏಕೆಂದರೆ ಕೊಟ್ಟವನು ದೊರೆ, ಅವನ ಕೈಯಲ್ಲಿ ಕಾಗದವಿತ್ತು. ಅದರ ಮೊದಲು ಇಲ್ಲಿ ದನ ಮೇಯಿಸುತ್ತಿದ್ದವನಿಗೆ ಯಾವ ಕಾಗದವೂ ಇರಲಿಲ್ಲ. ಅವನಿಗೆ ಯಾವುದೂ ಮರಳಲಿಲ್ಲ.

ಈ ಕಾಗದದ ಮಹಿಮೆಯನ್ನು ಪಾವಗಡದಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. 2018ರಲ್ಲಿ ಅದರ ಮೊದಲ ಭಾಗ ಆರಂಭವಾಯಿತು. ಸರ್ಕಾರ ರೈತರ ನೆಲವನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಮಳೆಯನ್ನು ನಂಬಿ ಕೆಟ್ಟಿದ್ದ ಸೀಮೆಗೆ ಇದು ಸಣ್ಣ ಉಪಕಾರವಲ್ಲ. ಈ ವ್ಯವಸ್ಥೆ ಮಾಡಿದವರನ್ನು ಮೆಚ್ಚಬೇಕು. ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿರುವವನಿಗೆ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳಿಗೆ, ಕೊಯ್ಲಾದ ಮೇಲೆ ಅಲ್ಲಿ ಕುರಿ ಬಿಡುತ್ತಿದ್ದವನಿಗೆ ಪಹಣಿಯಿಲ್ಲ. ಖಾಸಗಿ ಹೊಲದ ಗತಿಯೇ ಹೀಗಾದರೆ, ಪಹಣಿಯಲ್ಲಿ 'ಸರ್ಕಾರ' ಎಂದು ಮಾತ್ರ ಇರುವ ಗೋಮಾಳದ ಗತಿಯನ್ನು ಊಹಿಸಬಹುದು. ಅಲ್ಲಿ ಬಾಡಿಗೆ ಸರ್ಕಾರಕ್ಕೆ, ನಷ್ಟ ಮೇಯಿಸುವವನಿಗೆ.

ಸರ್ಕಾರವೆಂದರೆ ಜನವೇ ಅಲ್ಲವೆ ಎಂದು ಕೇಳಬಹುದು. ಹೌದು, ಪ್ರಜಾಪ್ರಭುತ್ವದಲ್ಲಿ ನಾನೂ ಸರ್ಕಾರದ ಒಂದು ಕಣ. ಹಾಗಾದರೆ ನಮ್ಮ ಊರಿನ ಗೋಮಾಳದಲ್ಲಿ ಬೆನ್ಸನ್ ಟೌನಿನ ನನಗೂ, ಬೆಂಗಳೂರಿನ ಒಂದು ಕೋಟಿಗೂ ಮೀರಿದ ಜನಕ್ಕೂ ಪಾಲಿದೆ ಎಂದಾಯಿತು. ತಲೆ ಎಣಿಸಿದರೆ ಊರಿನ ಮುನ್ನೂರು ಮನೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಬಹುಜನಹಿತವೆಂಬ ತಕ್ಕಡಿಯಲ್ಲಿ ತೂಗಿದರೆ ಮಾವನ ಅರ್ಜಿ ಬರೆಯುವ ಮೊದಲೇ ಸೋತುಹೋಗಿತ್ತು.

ಈ ತಕ್ಕಡಿಯಲ್ಲಿ ಎಲ್ಲೋ ತಪ್ಪಿದೆಯೆಂದು ನನ್ನ ಮನಸ್ಸು ಹೇಳುತ್ತಿತ್ತು. ಎಲ್ಲಿ ಎಂಬುದು ನನಗೆ ತಿಳಿದದ್ದು ದೂರದ ನಾರ್ವೆಯ ಒಂದು ಪ್ರಕರಣವನ್ನು ಓದಿದಾಗ. ಅಲ್ಲಿಯ ಫೋಸೆನ್ ಎಂಬ ಪ್ರದೇಶದಲ್ಲಿ ಸಾಮಿ ಜನ ಹಿಮಸಾರಂಗಗಳನ್ನು ಮೇಯಿಸಿ ಬಾಳುವವರು. ಅವರ ಚಳಿಗಾಲದ ಹುಲ್ಲುಗಾವಲಿನಲ್ಲಿ 151 ಗಾಳಿಯಂತ್ರಗಳು ಎದ್ದವು. ಹಿಂಡು ಆ ಯಂತ್ರಗಳ ಬಳಿ ಸುಳಿಯದೆಂದು ಸಾಮಿಗಳು ನ್ಯಾಯಾಲಯಕ್ಕೆ ಹೋದರು. 2021ರ ಅಕ್ಟೋಬರಿನಲ್ಲಿ ನಾರ್ವೆಯ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಅವರ ಪರವಾಗಿ ತೀರ್ಪು ಕೊಟ್ಟಿತು. ಹಸಿರು ವಿದ್ಯುತ್ತು ಬೇಕಾದದ್ದೇ. ಆದರೆ ಬೇರೆ ಕಡೆ ಸ್ಥಳವಿರುವಾಗ ಒಂದು ಜನದ ಬಾಳುವೆಯ ಬೇರನ್ನೇ ಕೀಳುವುದಕ್ಕೆ ಅದು ನೆಪವಾಗಲಾರದು ಎಂಬುದು ಅದರ ಸಾರ. ತೀರ್ಪು ಬಂದ ಮೇಲೂ ಯಂತ್ರಗಳು ತಿರುಗುತ್ತಲೇ ಇದ್ದವು. ಎರಡು ವರ್ಷದ ಮೇಲೆ, 2023ರ ಕೊನೆಗೂ 2024ರ ಮೊದಲಿಗೂ, ಪರಿಹಾರದ ಒಪ್ಪಂದಗಳಾದವು. ಶ್ರೀಮಂತ ದೇಶಕ್ಕೂ ಮಾಡಿದ್ದನ್ನು ಹಿಂದೆಗೆಯುವುದು ಸುಲಭವಾಗಲಿಲ್ಲ. ಆದುದರಿಂದಲೇ ಮೊದಲು ಕೇಳುವುದು ಮುಖ್ಯ.

ತಕ್ಕಡಿಯ ತಪ್ಪು ಇದು: ಅದು ಎರಡು ಬಗೆಯ ಬೇಕುಗಳನ್ನು ಒಂದೇ ಬಟ್ಟಿನಿಂದ ತೂಗುತ್ತದೆ. ನನಗೆ ವಿದ್ಯುತ್ತು ಈ ಗುಡ್ಡದಿಂದಲೇ ಬರಬೇಕೆಂದಿಲ್ಲ. ಇನ್ನೊಂದು ಗುಡ್ಡದಿಂದ ಬರಬಹುದು, ನನ್ನ ಮನೆಯ ಮಾಳಿಗೆಯ ಮೇಲಿನ ಬಿಸಿಲಿನಿಂದಲೇ ಬರಬಹುದು. ರಾತ್ರಿಯಿಡೀ ಉರಿಯುವ ಜಾಹೀರಾತು ಫಲಕಗಳನ್ನು ಆರಿಸಿದರೂ ಸ್ವಲ್ಪ ಉಳಿಯಬಹುದು. ಮಾವನ ಕುರಿಗಳು ಬೇರೆ ಊರಿನ ಗೋಮಾಳಕ್ಕೆ ಹೋಗಲಾರವು. ಅವರಿಗೆ ಅದು ಒಂದೇ. ಕೋಟಿ ಜನದ ಅನುಕೂಲದ ಕೋಟಿ ತುಣುಕುಗಳನ್ನು ಕೂಡಿಸಿ ಒಬ್ಬನ ಇಡಿಯ ಬಾಳಿಗೆ ಎದುರಿಟ್ಟು, ಕೋಟಿ ದೊಡ್ಡದೆಂದು ಹೇಳುವುದು ಗಣಿತವಾದೀತು, ನ್ಯಾಯವಾಗದು.

ಇಲ್ಲಿ ಇನ್ನೊಂದು ಮಾತನ್ನು ಎತ್ತುವವರಿದ್ದಾರೆ. ಊರಿನವರ ಕೈಯಲ್ಲಿಟ್ಟರೆ ಗೋಮಾಳ ಉಳಿಯುತ್ತದೆಯೆ? ಎಲ್ಲರದೂ ಆದದ್ದು ಯಾರದೂ ಅಲ್ಲ. ಒಬ್ಬೊಬ್ಬರೂ ಒಂದೊಂದು ಕುರಿ ಹೆಚ್ಚು ಬಿಟ್ಟು ಕಡೆಗೆ ಹುಲ್ಲೇ ಇಲ್ಲವಾಗುತ್ತದೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ ವಾದಿಸಿದ. ಆತ ಉದಾಹರಣೆಗೆ ತೆಗೆದುಕೊಂಡದ್ದೂ ಹುಲ್ಲುಗಾವಲನ್ನೇ. ಅದಕ್ಕೆ ಉತ್ತರವನ್ನು ಅದೇ ದೇಶದ ಎಲಿನಾರ್ ಆಸ್ಟ್ರಂ ಕೊಟ್ಟರು. ಸ್ವಿಟ್ಜರ್‌ಲೆಂಡಿನ ಬೆಟ್ಟದ ಹುಲ್ಲುಗಾವಲುಗಳು, ಜಪಾನಿನ ಊರಕಾಡುಗಳು, ಸ್ಪೇನಿನ ಕಾಲುವೆಗಳು ನೂರಾರು ವರ್ಷ ಉಳಿದುಬಂದಿರುವುದನ್ನು ಅವರು ಎತ್ತಿ ತೋರಿಸಿದರು. ತಮ್ಮ ಕಟ್ಟುಪಾಡನ್ನು ತಾವೇ ಮಾಡಿಕೊಳ್ಳಲು ಬಿಟ್ಟಲ್ಲಿ, ತಪ್ಪಿದವನನ್ನು ಕೇಳುವ ಅಧಿಕಾರವಿದ್ದಲ್ಲಿ ಜನ ತಮ್ಮ ಹುಲ್ಲನ್ನು ಕಾಯುತ್ತಾರೆ ಎಂಬುದು ಅವರ ನಿರ್ಣಯ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಬಂತು.

ಆಸ್ಟ್ರಂ ಅವರ ಪಕ್ಷ ಹಿಡಿದು ಅರ್ಜಿ ಬರೆಯಲು ನನಗೆ ಆಸೆ. ಆದರೆ ನಮ್ಮ ಊರಿನ ಗೋಮಾಳ ಗಾಳಿಯಂತ್ರ ಬರುವ ಮುಂಚೆಯೇ ಅರ್ಧ ಕರಗಿತ್ತು. ಕರಗಿಸಿದವರು ಕಂಪನಿಯವರಲ್ಲ. ನಾವು.

ಇದನ್ನು ಬರೆಯುವುದು ನನಗೆ ಸುಲಭವಲ್ಲ. ನನ್ನ ತಂದೆಗೆ ಪಿತ್ರಾರ್ಜಿತವಾಗಿ ಎರಡು ಎಕರೆ ಇತ್ತು. ನಾನು ಮಗುವಾಗಿದ್ದಾಗ ಅವರು ಗೋಮಾಳದ ಅಂಚಿನಲ್ಲಿ ನೇಗಿಲು ಹೂಡಿದರು. ಮೊದಲು ಒಂದು ಎಕರೆ, ಆಮೇಲೆ ನಾಲ್ಕು. ಊರಿನಲ್ಲಿ ಅವರೊಬ್ಬರೇ ಅಲ್ಲ, ಎತ್ತಿದ್ದವರೆಲ್ಲ ಹೂಡಿದರು. ಇದಕ್ಕೆ ಬಗರ್ ಹುಕುಂ ಎಂದು ಹೆಸರು. ಹುಕುಮಿಲ್ಲದೆ ಎಂದು ಅರ್ಥ. ತಪ್ಪಿನ ಹೆಸರೇ ಮುಂದೆ ಹಕ್ಕಿನ ಹೆಸರಾಯಿತು. 1991ರಲ್ಲಿ ಸಕ್ರಮಕ್ಕೆ ಅರ್ಜಿ ಕರೆದಾಗ ತಂದೆಯೂ ಹಾಕಿದರು. ಕೆಲವು ವರ್ಷಗಳ ಮೇಲೆ ಸಾಗುವಳಿ ಚೀಟಿ ಬಂತು. ಆ ನಾಲ್ಕು ಎಕರೆಯ ಕಡಲೆಕಾಯಿಯ ಹಣದಿಂದಲೇ ನನ್ನ ಕಾಲೇಜಿನ ಶುಲ್ಕ, ಹಾಸ್ಟೆಲಿನ ಊಟ, ಎಂ.ಎ. ಪದವಿ. ಕುಮಾರವ್ಯಾಸನ ಗೋಗ್ರಹಣವನ್ನು ವಿದ್ಯಾರ್ಥಿಗಳಿಗೆ ರಸವತ್ತಾಗಿ ಹೇಳುವ ಈ ಮೇಷ್ಟರ ವಿದ್ಯೆ ಊರ ದನದ ಹುಲ್ಲಿನಿಂದ ಬಂದದ್ದು. ಹಿಂದಿನವರು ದನವನ್ನು ಕದ್ದರೆ ಯುದ್ಧವಾಗುತ್ತಿತ್ತು; ನಾವು ಹುಲ್ಲನ್ನು ತೆಗೆದುಕೊಂಡೆವು, ಯಾರೂ ಕೂಗಲಿಲ್ಲ.

ಬಡತನ ಹಾಗೆ ಮಾಡಿಸಿತು ಎಂದು ಸಮಾಧಾನ ಹೇಳಿಕೊಳ್ಳಬಹುದು. 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಪಂಜಾಬಿನ ಒಂದು ಊರಕೆರೆಯ ಪ್ರಕರಣದಲ್ಲಿ, ಒತ್ತುವರಿಯಾದ ಊರೊಟ್ಟಿನ ನೆಲವನ್ನು ಊರಿಗೆ ಬಿಡಿಸಿಕೊಡಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿದಾಗ, ಭೂಹೀನ ಕೂಲಿಗಳಿಗೆ ಸರ್ಕಾರವೇ ಕೊಟ್ಟ ನೆಲದಂಥ ಕೆಲವನ್ನು ಬೇರೆಯಾಗಿಟ್ಟಿತು. ಅದು ಸರಿಯೂ ಹೌದು. ಆದರೆ ನನ್ನ ತಂದೆ ಭೂಹೀನರಾಗಿರಲಿಲ್ಲ. ಊರಿನ ನಿಜವಾದ ಭೂಹೀನರಿಗೆ ಎತ್ತೇ ಇರಲಿಲ್ಲವಾಗಿ ಅವರು ಹೂಡಲೂ ಇಲ್ಲ. ಅವರಿಗಿದ್ದದ್ದು ಎರಡು ಮೂರು ಮೇಕೆ; ಅವು ಮೇಯುತ್ತಿದ್ದ ಜಾಗದಲ್ಲಿ ನಮ್ಮ ಕಡಲೆಕಾಯಿ ಬೆಳೆಯಿತು. ತಂದೆ ಕತ್ತಾಳೆಯ ಬೇಲಿ ಹಾಕಿದಾಗ ಕೆರೆಗೆ ಹೋಗುವ ದನದ ಓಣಿಯೂ ಅದರೊಳಗೆ ಸೇರಿಹೋಯಿತು. ಮೂವತ್ತು ವರ್ಷಕ್ಕೂ ಮೇಲೆ ಮಾವ ತಮ್ಮ ಹಿಂಡನ್ನು ಆ ಬೇಲಿ ಸುತ್ತಿಸಿಕೊಂಡು ನೀರಿಗೆ ಒಯ್ದಿದ್ದಾರೆ. ಅಕ್ಕನ ಮನೆಯ ಹೊಲವಲ್ಲವೆ, ಒಂದು ದಿನವೂ ಒಂದು ಮಾತು ಆಡಿಲ್ಲ. ಈಗ ಅವರೇ ನನ್ನ ಮುಂದೆ ಕುಳಿತು ಗೋಮಾಳ ಉಳಿಸಲು ಅರ್ಜಿ ಬರೆಯೆಂದು ಕೇಳುತ್ತಿದ್ದರು.

ಇಷ್ಟನ್ನು ಎದುರಿಟ್ಟುಕೊಂಡ ಮೇಲೆ ನನಗೆ ಒಂದು ವಿಚಾರ ಸ್ಪಷ್ಟವಾಯಿತು. ಗೋಮಾಳಕ್ಕೆ ಒಡೆಯನನ್ನು ಹುಡುಕುವುದೇ ತಪ್ಪು. ಸರ್ಕಾರ ಅದರ ಒಡೆಯನಲ್ಲ, ಪಾರುಪತ್ಯಗಾರ. ದೇವಸ್ಥಾನದ ಪಾರುಪತ್ಯಗಾರನ ಕೈಯಲ್ಲಿ ಬೀಗದ ಕೈ ಇರುತ್ತದೆ. ಆದರೆ ದೇವರ ಒಡವೆ ಅವನದಲ್ಲ. ಊರೂ ಒಡೆಯನಲ್ಲ, ನಿನ್ನೆ ಮೇಯಿಸಿದವರಿಂದ ಪಡೆದು ನಾಳೆ ಮೇಯಿಸುವವರಿಗೆ ದಾಟಿಸುವ ಕೈ. ಪಾರುಪತ್ಯಗಾರನು ಗುತ್ತಿಗೆ ಕೊಡಲೇಬಾರದೆಂದಲ್ಲ. ಕೊಡುವಾಗ ಲೆಕ್ಕ ಕೊಡಬೇಕು, ಕೇಳಿ ಕೊಡಬೇಕು, ಮರಳಿ ಪಡೆಯುವಂತೆ ಕೊಡಬೇಕು. ಈ ಮೂರು ನಿಬಂಧನೆಗಳು ಸರ್ಕಾರಕ್ಕೆ ಹೇಗೋ ಕಂಪನಿಗೂ ಹಾಗೆಯೇ, ಬೇಲಿ ಹಾಕಿದ ರೈತನಿಗೂ ಹಾಗೆಯೇ.

ಎರಡನೆಯ ದಿನ ರಾತ್ರಿ ಅರ್ಜಿ ಮುಗಿಯಿತು. ಗಾಳಿಯಂತ್ರ ಬೇಡವೆಂದು ನಾನು ಬರೆಯಲಿಲ್ಲ. ಗಾಳಿಯಂತ್ರದ ಬುಡಕ್ಕೆ ಬೇಕಾದ ನೆಲ ಸ್ವಲ್ಪ. ಕೆಳಗೆ ದನ ಮೇಯಲು ಅಡ್ಡಿಯಿಲ್ಲ. ಕೆಡಿಸುವುದು ದೊಡ್ಡ ದೊಡ್ಡ ರೆಕ್ಕೆ ಸಾಗಿಸಲು ಗುಡ್ಡ ಕಡಿದು ಮಾಡುವ ರಸ್ತೆ, ಮತ್ತು ಆಮೇಲೆ ಬರುವ ಬೇಲಿ, ಕಾವಲುಗಾರ. ಆದುದರಿಂದ ಹೀಗೆ ಬರೆದೆ: ಮೊದಲು ಊರಿನ ಜಾನುವಾರನ್ನು, ಕುರಿ ಮೇಕೆಗಳನ್ನೂ ಸೇರಿಸಿ, ಎಣಿಸಬೇಕು, ಗ್ರಾಮಸಭೆ ಕರೆದು ಈ ನೋಟೀಸನ್ನು ತಿಳಿಯುವ ಕನ್ನಡದಲ್ಲಿ ಓದಿ ಹೇಳಬೇಕು, ಬುಡದ ನೆಲ, ದಾರಿಯ ನೆಲ ಬಿಟ್ಟು ಉಳಿದದ್ದಕ್ಕೆ ಬೇಲಿ ಬೀಳಕೂಡದು, ಕೆರೆಗೆ ಹೋಗುವ ಓಣಿಗಳು ತೆರೆದಿರಬೇಕು, ಬಾಡಿಗೆಯಲ್ಲಿ ಒಂದು ಪಾಲು ಪಂಚಾಯಿತಿಗೆ ಬಂದು ಹುಲ್ಲಿಗೂ ನೀರಿಗೂ ಖರ್ಚಾಗಬೇಕು, ಗುತ್ತಿಗೆ ಮುಗಿದ ದಿನ ನೆಲ ಗೋಮಾಳವೆಂಬ ತನ್ನ ಹೆಸರಿಗೇ ಮರಳಬೇಕು. ಕಡೆಗೆ, ಊರಿನ ಗೋಮಾಳ ಹಿಂದೆ ಎಷ್ಟಿತ್ತು, ಹೇಗೆ ಕಡಿಮೆಯಾಯಿತು ಎಂಬ ಪಟ್ಟಿ. ಆ ಪಟ್ಟಿಯಲ್ಲಿ ನಮ್ಮ ನಾಲ್ಕು ಎಕರೆಯನ್ನೂ ಸರ್ವೆ ನಂಬರಿನೊಡನೆ ಬರೆದೆ.

ಓದಿ ಹೇಳುತ್ತ ಆ ಸಾಲಿಗೆ ಬಂದಾಗ ಮಾವ ಕೈ ಎತ್ತಿ ತಡೆದರು. "ಅದನ್ನೂ ಬರೆದೆಯಾ?" ಎಂದರು. ಬರೆದೆನೆಂದೆ. "ನಿಮ್ಮಣ್ಣಂಗೆ ಗೊತ್ತೈತಾ?" ಹೇಳುತ್ತೇನೆಂದೆ.

ಹೊಲ ಮಾಡುತ್ತಿರುವುದು ನನ್ನ ಅಣ್ಣ. ಅಂದು ರಾತ್ರಿಯೇ ಫೋನಿನಲ್ಲಿ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿನಗೆ ಸಂಬಳ ಐತೆ, ಬರಿ. ನನಗೆ ಇದೇ ಐತೆ. ಮೊದಲು ದೊಡ್ಡೋರ ಬೇಲಿ ಕೀಳಲಿ, ಆಮೇಲೆ ನಮ್ಮದು ನೋಡಾನ" ಎಂದ. ಅವನ ಮಾತು ಸುಳ್ಳಲ್ಲ. ಅವನ ಅನ್ನಕ್ಕೆ ಕೈಯಿಟ್ಟು ನನ್ನ ಋಣ ತೀರಿಸಿಕೊಳ್ಳುವುದು ಧರ್ಮವಾಗಲಾರದು. ಆದರೆ ದೊಡ್ಡವರ ಬೇಲಿಯನ್ನು ನೋಡುತ್ತ ಕುಳಿತರೆ ಯಾರ ಬೇಲಿಯೂ ಕೀಳುವುದಿಲ್ಲವೆಂಬುದೂ ಸುಳ್ಳಲ್ಲ. "ಹೊಲ ಇರಲಿ ಅಣ್ಣ, ಓಣಿಯಷ್ಟು ಬಿಡೋಣ. ಅದರ ಬೆಳೆಯ ಬಾಬ್ತು ವರ್ಷವರ್ಷ ನಾನು ಕೊಡುತ್ತೇನೆ" ಎಂದೆ. ನೋಡೋಣ ಎಂದು ಫೋನಿಟ್ಟ.

ಅರ್ಜಿ ಹೋಗಿದೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿ ಮಾವನ ಪೆಟ್ಟಿಗೆಯಲ್ಲಿದೆ. ಉತ್ತರ ಇನ್ನೂ ಬಂದಿಲ್ಲ. ಯುಗಾದಿಗೆ ಊರಿಗೆ ಹೋಗಿದ್ದಾಗ ನೋಡಿದೆ: ನಮ್ಮ ಹೊಲದ ಮೂಡಣ ಅಂಚಿನಲ್ಲಿ ಎಂಟು ಅಡಿ ಅಗಲಕ್ಕೆ ಕತ್ತಾಳೆ ಕಡಿದಿತ್ತು. ಅಣ್ಣ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ನಾಲ್ಕು ಎಕರೆಯ ಋಣಕ್ಕೆ ಎಂಟು ಅಡಿ ತೀರಾ ಸ್ವಲ್ಪವೆಂದು ಬಲ್ಲೆ. ಸಂಜೆ ಮಾವನ ಕುರಿಗಳು ಆ ದಾರಿಗೆ ಬಂದು, ಹಳೆಯ ಅಭ್ಯಾಸದಿಂದ ಒಂದು ಗಳಿಗೆ ಬೇಲಿ ಸುತ್ತುವ ಕಡೆಗೇ ತಿರುಗಿದವು. ಮಾವ ಕೋಲು ಅಡ್ಡ ಹಿಡಿದು ಕೂಗಿದ ಮೇಲೆ ಓಣಿಯಲ್ಲಿ ಇಳಿದು ನೆಟ್ಟಗೆ ಕೆರೆಗೆ ಹೋದವು.